ಕಾಡಿಗೆ ಹೋಗಬೇಡಿ ಅಂದರು

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಟ್ಟ ಗುಡಿಸುವ ಕೆಲಸ ನನ್ನ ತಲೆಗೆ ಬಂತು. ಹಳೇ ಅಡಿಕೆ ಚೀಲ, ಹಿಡಿ ಮುರಿದ ಮೆಟ್ಟುಗತ್ತಿ, ಇಲಿ ಕಡಿದ ಪಂಚಾಂಗಗಳ ಕಟ್ಟು. ಅದರ ಹಿಂದೆ ಒಂದು ರಟ್ಟಿನ ಡಬ್ಬಿ. ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳು. ಎಣಿಸಿದೆ, ಏಳು. ಆರರ ಸೀಲು ಒಡೆದೇ ಇರಲಿಲ್ಲ.

ಮಲೆನಾಡಿನವರಿಗೆ ಆ ಬಾಟಲಿ ಗೊತ್ತು. ಡಿಎಂಪಿ ಎಣ್ಣೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಂಡರೆ ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಹತ್ತುವುದಿಲ್ಲ ಅಂತ ಮನೆಮನೆಗೆ ಹಂಚಿದ್ದರು. ನಾನು ಡಬ್ಬಿ ಹಿಡಿದು ಕೆಳಗಿಳಿದೆ. ಚಿಕ್ಕಪ್ಪ ಜಗಲಿ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ.

"ಆರು ಹಾಗೇ ಅದೆಯಲ್ಲ ಚಿಕ್ಕಪ್ಪ. ಒಂದನ್ನ ಮಾತ್ರ ಹಚ್ಕೊಂಡ್ಯಾ?"

"ಎಲ್ಲಿ ಮಾರಾಯ. ಬಾವಿ ರಾಟೆಗೆ ಬಿಟ್ಟೆ. ಕಿರ್ರ್ ಅಂತಿತ್ತು. ಈಗ ಸದ್ದಿಲ್ಲ ನೋಡು."

ನಕ್ಕುಬಿಟ್ಟೆ. ಆದರೆ ಆ ಎಣ್ಣೆ ಹಂಚಿದ ಕಾಲ ನಗುವಂಥದ್ದಾಗಿರಲಿಲ್ಲ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆವರೆಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಜನ ಮಂಗನ ಕಾಯಿಲೆಯಿಂದ ಸಾಯುತ್ತಿದ್ದರು. ನಮ್ಮೂರು ಅಲ್ಲಿಂದ ಬಹಳ ದೂರವೇನಿಲ್ಲ. ಚಿಕ್ಕಪ್ಪ ದಡ್ಡನೂ ಅಲ್ಲ. ಪೇಪರ್ ಓದುತ್ತಾನೆ, ಅಡಿಕೆ ರೇಟು ದಿನಾ ಎರಡು ಕಡೆ ವಿಚಾರಿಸುತ್ತಾನೆ, ಔಷಧಿ ಅಂಗಡಿಯಲ್ಲಿ ಗುಳಿಗೆಯ ಎಕ್ಸ್‌ಪೈರಿ ದಿನಾಂಕ ನೋಡದೆ ದುಡ್ಡು ಕೊಡುವುದಿಲ್ಲ. ಇಂಥವನು ಆ ಎಣ್ಣೆಯನ್ನು ಯಾಕೆ ಮುಟ್ಟಲಿಲ್ಲ? ಇದನ್ನೇ ಯೋಚಿಸುತ್ತಾ ಯೋಚಿಸುತ್ತಾ ಈ ಬರಹ ಶುರುವಾಯಿತು.

ಮೊದಲು ಕಾಯಿಲೆ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ಮಂಗನ ಕಾಯಿಲೆ ಅಂದರೆ ಅರ್ಧ ಜನ ಕೆನ್ನೆ ಮುಟ್ಟಿಕೊಂಡು "ಗದ್ದ ಊದುತ್ತಲ್ಲ, ಅದಾ?" ಅಂತಾರೆ. ಅದು ಮಂಗನ ಬಾವು. ಇದೇ ಬೇರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಹಿಂದೆಯೇ ಜನರಿಗೂ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಮಂಗ ಸಾಯುತ್ತಿದೆ ಅಂದಾಗ ಅವರಿಗೆ ಮೊದಲು ಹೆದರಿಕೆಯಾದದ್ದು ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಕಾಲಿಟ್ಟಿತಾ ಅಂತ. ನೋಡಿದರೆ ಅದಲ್ಲ, ಜಗತ್ತಿಗೇ ಹೊಸ ವೈರಸ್. ಹತ್ತಿರದ ಸಂಬಂಧಿ ಸಿಕ್ಕಿದ್ದು ರಷ್ಯಾದಲ್ಲಿ, ಅಲ್ಲಿನ ಕಾಡಿನ ಒಂದು ಮೆದುಳು ಜ್ವರದಲ್ಲಿ. ಹಾಗಾಗಿ ನಮ್ಮ ಕಡೆಯ ಒಂದು ಸಣ್ಣ ಕಾಡಿನ ಹೆಸರು ವೈದ್ಯಕೀಯ ಪುಸ್ತಕ ಸೇರಿತು. ಕ್ಯಾಸನೂರು ಅರಣ್ಯ ಕಾಯಿಲೆ, ಕೆಎಫ್‌ಡಿ.

ಹರಡುವುದು ಉಣುಗಿನಿಂದ. ಮರಿ ಉಣುಗು ಎಳ್ಳಿಗಿಂತ ಸಣ್ಣದು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಳೆ ಮುಗಿದು ಕಾಡು ಒಣಗುವಾಗ ಅವು ಜಾಸ್ತಿ, ನವೆಂಬರ್‌ನಿಂದ ಮೇ ತನಕ. ಮಂಗ ಸತ್ತರೆ ಮೈಮೇಲಿದ್ದ ಉಣುಗುಗಳು ತಣ್ಣಗಾದ ದೇಹ ಬಿಟ್ಟು ನೆಲಕ್ಕಿಳಿಯುತ್ತವೆ, ಮುಂದಿನ ರಕ್ತಕ್ಕೆ ಕಾಯುತ್ತವೆ. ಆಮೇಲೆ ಆ ದಾರಿಯಲ್ಲಿ ಯಾರು ನಡೆದರೋ ಅವರ ಅದೃಷ್ಟ. ತಟ್ಟನೆ ಜ್ವರ, ತಲೆ ಒಡೆದುಹೋಗುವಂಥ ನೋವು, ಸೊಂಟ ಮೀನಖಂಡ ಹಿಡಿದು ಹಿಂಡಿದ ಹಾಗೆ. ಕೆಲವರಿಗೆ ಮೂಗು ವಸಡಿನಲ್ಲಿ ರಕ್ತ. ಇದಕ್ಕೇ ಅಂತ ಔಷಧಿ ಇಲ್ಲ. ಜ್ವರಕ್ಕೆ, ನೀರಿಗೆ, ರಕ್ತಸ್ರಾವಕ್ಕೆ ಆಯಾ ಹೊತ್ತಿನ ಚಿಕಿತ್ಸೆ. ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ.

ಇದರಲ್ಲಿ ನನಗೆ ಯಾವಾಗಲೂ ಮುಖ್ಯ ಅನ್ನಿಸುವುದು ಒಂದು ಸಂಗತಿ. ಮೊದಲ ಸುದ್ದಿ ಮಂಗನದು. ಆ ಸುದ್ದಿ ಮೊದಲು ಗೊತ್ತಾಗುವುದು ದನ ಮೇಯಿಸುವವನಿಗೆ, ಸೌದೆಗೆ ಹೋದವಳಿಗೆ. ಪ್ರಯೋಗಾಲಯಕ್ಕಲ್ಲ.

2019ರ ಜನವರಿಯಲ್ಲಿ ಚಿಕ್ಕಪ್ಪ ಫೋನ್ ಮಾಡಿದ್ದ. "ಹಳ್ಳದ ಆಚೆ ಮಂಗ ಸತ್ತು ಬಿದ್ದದೆ. ಎರಡು."

"ಹೇಳಿದ್ರಾ ಆಸ್ಪತ್ರೆಗೆ?"

ಆ ಕಡೆ ಸುಮ್ಮನಾದ. ಆಮೇಲೆ, "ಹೇಳೋದಾ ಬೇಡವಾ ಅಂತ ಮಾತಾಡ್ತಾ ಇದ್ದೇವೆ" ಅಂದ.

ನನಗೆ ಸಿಟ್ಟು ಬಂತು. ಇದರಲ್ಲಿ ಮಾತಾಡುವುದೇನಿದೆ? ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತು, ಕೈಯಲ್ಲಿ ಕಾಫಿ ಹಿಡಿದು, ನಾನು ಅವನಿಗೆ ಹತ್ತು ನಿಮಿಷ ಪಾಠ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ನೀ ಹೇಳೋದು ಸರಿ. ಆದರೆ ಮೊದಲು ಬರೋದು ಡಾಕ್ಟ್ರಲ್ಲ ಮಾರಾಯ, ಫಾರೆಸ್ಟಿನವರು" ಅಂದ.

ಈ ಮಾತು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಹೊರಗಿನವರಿಗೆ ಇದು ಹಳ್ಳಿಯವರ ಮೊಂಡುತನದ ಹಾಗೆ ಕಾಣುತ್ತದೆ.

ನಮ್ಮ ಅಜ್ಜನ ಮನೆ ಈಗ ನೀರೊಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರು ತುಂಬಿತು. ನಾಡಿಗೆಲ್ಲ ಕರೆಂಟು ಬಂತು, ಅಜ್ಜನಂಥ ಸಾವಿರಾರು ಮನೆಯವರು ಗಂಟುಮೂಟೆ ಕಟ್ಟಿದರು. ನಮ್ಮ ಕಡೆ ಕಾಲ ಎಣಿಸುವುದೇ ಹಾಗೆ, "ಮುಳುಗಡೆಗೆ ಮುಂಚೆ", "ಮುಳುಗಡೆ ಆದ ಮೇಲೆ". ಅಧಿಕಾರಿಗಳು ತೋರಿಸಿದ ಗುಡ್ಡದಲ್ಲಿ ಅಜ್ಜ ಗುಡಿಸಲು ಹಾಕಿದ. ಕಾಡು ಕಡಿದು ಅಡಿಕೆ ಇಟ್ಟ. ಕಾಗದ ಆಮೇಲೆ ಕೊಡುತ್ತೇವೆ ಅಂದಿದ್ದರಂತೆ. ಆ "ಆಮೇಲೆ" ಇನ್ನೂ ಮುಗಿದಿಲ್ಲ. ದಾಖಲೆಯಲ್ಲಿ ಅದು ಕಾಡು. ನಾವು ಒತ್ತುವರಿದಾರರು. ಹಕ್ಕುಪತ್ರ ಕೊಡುತ್ತೇವೆ ಅಂತ ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ. ಸರ್ಕಾರ ಹೊರಡಿಸಿದ ಆದೇಶಗಳೂ ಕೋರ್ಟಿನಲ್ಲಿ ಬಿದ್ದುಹೋದವು. ನೋಟಿಸ್ ಮಾತ್ರ ತಪ್ಪದೆ ಬರುತ್ತದೆ.

ಇಂಥ ಜಾಗದಲ್ಲಿ ಖಾಕಿ ಬಟ್ಟೆಯವರು ಬರುವಂಥ ಸುದ್ದಿಯನ್ನು ನೀವಾಗಿಯೇ ಫೋನ್ ಮಾಡಿ ಕೊಡುತ್ತೀರಾ? ಮಂಗ ಎಲ್ಲಿ ಬಿದ್ದಿದೆ ಅಂತ ತೋರಿಸಲು ಹೋದರೆ ಅಲ್ಲಿ ಹೊಸದಾಗಿ ಇಟ್ಟ ನಾಲ್ಕು ಸಾಲು ಅಡಿಕೆ ಸಸಿಯೂ ಕಾಣುತ್ತದೆ. ಅಲ್ವಾ? ಊರಲ್ಲಿ ಎರಡು ದಿನ ಚರ್ಚೆ ನಡೆದದ್ದು ವೈರಸ್ ಬಗ್ಗೆ ಅಲ್ಲ, ಆ ಸಸಿಗಳ ಬಗ್ಗೆ.

ಕೊನೆಗೆ ಹೇಳಿದರು. ಮಂಗದ ಸುತ್ತ ಮೆಲಾಥಿಯಾನ್ ಅನ್ನುವ ಕೀಟನಾಶಕ ಪುಡಿ ಹೊಡೆದರು. ಹೆಣ ಸುಟ್ಟರು. ಅದೂ ಹಿರಿಯರಿಗೆ ಹಿಡಿಸಲಿಲ್ಲ. ಹಿಂದೆಲ್ಲ ಮಂಗ ಸತ್ತರೆ ಹನುಮಂತ ಅಂತ ಹೂವಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹೊತ್ತು ತಂದು ಹೂಳುತ್ತಿದ್ದರು. ಬದುಕಿದ್ದಾಗ ತೋಟ ಹಾಳು ಮಾಡಿತು ಅಂತ ಕವಣೆ ಬೀಸಿದವರೇ ಸತ್ತ ಮೇಲೆ ಕೈ ಮುಗಿಯುವವರು. ಉಣುಗಿನ ಲೆಕ್ಕದಲ್ಲಿ ನೋಡಿದರೆ ಆ ಮೆರವಣಿಗೆಯಷ್ಟು ಅಪಾಯದ್ದು ಇನ್ನೊಂದಿಲ್ಲ. ಇದನ್ನು ಯಾರಾದರೂ ಕೂತು ಹೇಳಿದ್ದರೆ ಅರ್ಥವಾಗುತ್ತಿತ್ತು. ಬಂದವರಿಗೆ ಪುರುಸೊತ್ತಿರಲಿಲ್ಲ.

ಅದೇ ವಾರ ಶಾಲೆಯಲ್ಲಿ ಜಾಗೃತಿ ಸಭೆ. ಮನಸ್ಸು ತಡೆಯದೆ ನಾನೂ ರಜೆ ಹಾಕಿ ಹೋಗಿದ್ದೆ. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟರು. ಉಣುಗಿನ ಚಿತ್ರ ಒಂದು ಕುರ್ಚಿಯಷ್ಟು ದೊಡ್ಡದಾಗಿ ಬಂತು. ಹಿಂದೆ ಕೂತಿದ್ದ ಹುಡುಗರು, "ಇಷ್ಟ್ ದೊಡ್ಡದಿದ್ರೆ ಕೋವಿ ತಗೊಂಡೇ ಹೋಗ್ಬೇಕು" ಅಂತ ಕಿಸಿಕಿಸಿ ನಕ್ಕರು. ಮುಂದಿನ ಚಿತ್ರದಲ್ಲಿ ದಪ್ಪ ಅಕ್ಷರದಲ್ಲಿ ಇತ್ತು: ಕಾಡಿಗೆ ಹೋಗಬೇಡಿ.

ನಮ್ಮ ಮನೆ ಪಕ್ಕದ ಅಜ್ಜಿಯೊಬ್ಬರು ಎದ್ದು ನಿಂತರು. "ಹೋಗೂದಿಲ್ಲ ಸ್ವಾಮಿ. ದರಕು ಯಾರು ತಂದು ಹಾಕ್ತಾರೆ?"

ದರಕು ಅಂದರೆ ಒಣಗಿದ ತರಗೆಲೆ. ಬೇಸಿಗೆಯಲ್ಲಿ ಗುಡಿಸಿ ಜಲ್ಲೆಯಲ್ಲಿ ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತೇವೆ. ಸಗಣಿ ಗಂಜಲ ಕುಡಿದು ಅದೇ ಗೊಬ್ಬರ. ಗೊಬ್ಬರ ಇಲ್ಲದಿದ್ದರೆ ತೋಟ ಇಲ್ಲ. ದರಕು ಸಿಗುವ ತಿಂಗಳು, ಉಣುಗು ಏಳುವ ತಿಂಗಳು ಎರಡೂ ಒಂದೇ. ಉಣುಗು ಕೂತಿರುವುದೂ ಅದೇ ತರಗೆಲೆಯಲ್ಲಿ. ಕಾಡಿಗೆ ಹೋಗಬೇಡಿ ಅನ್ನುವುದು ನಮ್ಮ ಕಡೆ "ಕೆಲಸಕ್ಕೆ ಹೋಗಬೇಡಿ" ಅಂದ ಹಾಗೆ. ಅಧಿಕಾರಿಗೆ ದರಕು ಅನ್ನುವ ಪದವೇ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿ ತಿಳಿದುಕೊಂಡು, "ಸ್ವಲ್ಪ ದಿನ ಬಿಡಿ ಅಮ್ಮ" ಅಂದರು. ಅಜ್ಜಿ ಕೂತುಬಿಟ್ಟರು. ಅಲ್ಲಿಗೆ ಸಭೆ ಅರ್ಧ ಮುಗಿದ ಹಾಗೆಯೇ. ಮುಂದೆ ಅವರು ಹೇಳಿದ್ದರಲ್ಲಿ ಒಳ್ಳೆಯ ಮಾತು ಬೇಕಾದಷ್ಟಿತ್ತು. ಮೈತುಂಬ ಬಟ್ಟೆ ಹಾಕಿ, ಬಂದ ತಕ್ಷಣ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕುದಿಸಿ, ಜ್ವರ ಬಂದ ದಿನವೇ ಆಸ್ಪತ್ರೆಗೆ ಬನ್ನಿ. ಯಾರ ಕಿವಿಗೂ ಬಿದ್ದ ಹಾಗೆ ಕಾಣಲಿಲ್ಲ.

ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ. "ಸಾರ್, ಇಲ್ಲಿಯವರೆಗೆ ಎಷ್ಟು ಜನ ಸತ್ತಿದ್ದಾರೆ?"

ಅಧಿಕಾರಿ ಮೊಬೈಲ್ ನೋಡಿ ಒಂದು ಸಂಖ್ಯೆ ಹೇಳಿದರು. ಕೋಣೆಯಲ್ಲಿ ಗುಸುಗುಸು ಎದ್ದಿತು. ಅಲ್ಲಿ ಕೂತಿದ್ದವರಲ್ಲಿ ನಾಲ್ಕೈದು ಜನ ಹಿಂದಿನ ದಿನವಷ್ಟೇ ಪಕ್ಕದ ಊರಲ್ಲಿ ಒಂದು ಹೆಣ ಸುಟ್ಟು ಬಂದಿದ್ದರು. ಹೇಳಿದ ಸಂಖ್ಯೆಯಲ್ಲಿ ಅದು ಸೇರಿರಲಿಲ್ಲ. "ದೃಢಪಟ್ಟದ್ದು ಇಷ್ಟೇ. ವದಂತಿ ಹರಡಬೇಡಿ" ಅಂದರು.

ವದಂತಿ. ಆ ಪದ ನನಗೆ ಇವತ್ತಿಗೂ ಚುಚ್ಚುತ್ತದೆ. ಹೆಣ ಹೊತ್ತವನ ಎದುರು ನಿಂತು ಹೇಳುವ ಮಾತಾ ಅದು?

ಆದರೆ ನ್ಯಾಯವಾಗಿ ಹೇಳಬೇಕು. ಅಧಿಕಾರಿ ಸುಳ್ಳು ಹೇಳಿರಲಿಲ್ಲ. ಇದು ಆಮೇಲೆ ಒಬ್ಬ ಡಾಕ್ಟರ್ ಸ್ನೇಹಿತ ವಿವರಿಸಿದ ಮೇಲೆ ನನಗೆ ತಿಳಿದದ್ದು. ರಕ್ತದಲ್ಲಿ ಈ ವೈರಸ್ ಇರುವುದು ಜ್ವರದ ಮೊದಲ ಕೆಲವು ದಿನ. ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್ಸನ್ನೇ. ತಡವಾಗಿ ರಕ್ತ ತೆಗೆದರೆ ವೈರಸ್ ಸಿಗುವುದಿಲ್ಲ, ಆಗ ಪ್ರತಿಕಾಯ ಹುಡುಕುವ ಇನ್ನೊಂದು ಪರೀಕ್ಷೆ ಬೇಕು. ಈಗ ನಮ್ಮೂರಿನ ರೋಗಿಯ ದಾರಿ ನೋಡಿ. ಮೊದಲ ಎರಡು ದಿನ ಮನೆಯಲ್ಲೇ ಕಷಾಯ. ಮೂರನೇ ದಿನ ಪೇಟೆಯ ಡಾಕ್ಟರ್ ಹತ್ತಿರ ಒಂದು ಇಂಜೆಕ್ಷನ್. ಜ್ವರ ಬಿಡುವುದಿಲ್ಲ. ಆಮೇಲೆ ಸಾಗರ, ಅಲ್ಲಿಂದ ಶಿವಮೊಗ್ಗ ಅಥವಾ ಮಣಿಪಾಲ. ರಕ್ತ ಯಾವ ದಿನ ತೆಗೆದರು, ಯಾವ ಪರೀಕ್ಷೆಗೆ ಕಳಿಸಿದರು, ದಾರಿಯಲ್ಲಿ ತಣ್ಣಗೆ ಇಟ್ಟಿದ್ದರಾ, ಇದೆಲ್ಲದರ ಮೇಲೆ ಆ ಮನುಷ್ಯ "ದೃಢ" ಆಗುತ್ತಾನಾ ಇಲ್ಲವಾ ಅನ್ನುವುದು ನಿಂತಿದೆ. ನೆಗೆಟಿವ್ ಅಂತ ಕಾಗದ ಬಂದರೆ ಅವನಿಗೆ ಕಾಯಿಲೆ ಇರಲಿಲ್ಲ ಅಂತಲೇ ಅರ್ಥವಲ್ಲ. ಲೆಕ್ಕದ ಪುಸ್ತಕಕ್ಕೆ ಮಾತ್ರ ಅವನು ಬೇರೆ ಯಾವುದೋ ಜ್ವರಕ್ಕೆ ಸತ್ತವನು. ಪರಿಹಾರದ ಮಾತು ಬಂದಾಗಲೂ ಕೇಳುವುದು ಆ ಕಾಗದವನ್ನೇ.

ಇಷ್ಟನ್ನು ಸಭೆಯಲ್ಲಿ ಹೇಳಲು ಐದು ನಿಮಿಷ ಸಾಕಿತ್ತು. "ನಮ್ಮ ಲೆಕ್ಕಕ್ಕೆ ಸಿಗದ ಸಾವೂ ಇರಬಹುದು. ಯಾಕೆ ಅಂದರೆ ಹೀಗೆ." ಜನ ತಲೆದೂಗುತ್ತಿದ್ದರು. ಅಡಿಕೆ ವ್ಯಾಪಾರ ಮಾಡುವವರಿಗೆ ಎರಡು ತಕ್ಕಡಿಯಲ್ಲಿ ಎರಡು ತೂಕ ಬರುವುದು ಹೊಸದೇನಲ್ಲ. ಆ ವರ್ಷ ಪತ್ರಿಕೆಗಳಲ್ಲೂ ದಿನಾ ಎರಡು ಸಂಖ್ಯೆ ಬರುತ್ತಿತ್ತು. ಇಲಾಖೆ ಲೆಕ್ಕ ಒಂದು, ಊರವರ ಲೆಕ್ಕ ಇನ್ನೊಂದು. ಊರವರು ಯಾವುದನ್ನು ನಂಬಿದರು ಅಂತ ಬೇರೆ ಹೇಳಬೇಕಾ?

ಒಂದು ಸಲ ಸಂಖ್ಯೆ ಮೇಲೆ ನಂಬಿಕೆ ಹೋಯಿತು ಅಂದರೆ ಎಣ್ಣೆ ಮೇಲೂ ಹೋಗುತ್ತದೆ. ಚಿಕ್ಕಪ್ಪನ ಲೆಕ್ಕ ಅಷ್ಟು ಸರಳ. "ಸತ್ತವರನ್ನೇ ಸರಿಯಾಗಿ ಎಣಿಸದವರು ಕೊಟ್ಟ ಎಣ್ಣೆ" ಅಂತ ಅವನು ಬಾಯಿಬಿಟ್ಟೇ ಹೇಳಿದ್ದ. ಜೊತೆಗೆ ಅದರ ವಾಸನೆ, ಬೆವರಿದರೆ ಉರಿ, ಕೆಲವೇ ಗಂಟೆಗೆ ಮತ್ತೆ ಹಚ್ಚುವ ರಗಳೆ. ಕೊಟ್ಟವರೂ ಬಾಟಲಿ ಕೊಟ್ಟು ಸಹಿ ಹಾಕಿಸಿಕೊಂಡು ಹೋದರು. ಎಲ್ಲಿಗೆ ಎಷ್ಟು ಹಚ್ಚಬೇಕು ಅಂತ ಹೇಳಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ.

ಈಗ ಲಸಿಕೆಯ ಕತೆ. ಇದರಲ್ಲಿ ನನ್ನದೂ ಪಾಲಿದೆ, ಹಾಗಾಗಿ ಬರೆಯುವುದಕ್ಕೆ ಸ್ವಲ್ಪ ಮುಜುಗರ.

ಮಂಗನ ಕಾಯಿಲೆಗೆ ಲಸಿಕೆ ಇತ್ತು. 1990ರಿಂದ ಮಲೆನಾಡಿನಲ್ಲಿ ಹಾಕುತ್ತಿದ್ದರು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ದನಕರುಗಳ ಲಸಿಕೆ ಮಾಡುವ ಸಂಸ್ಥೆಯಲ್ಲಿ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಒಂದು ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಇದನ್ನು ಪೂರ್ತಿ ಮುಗಿಸಿದವರು ನಮ್ಮೂರಲ್ಲಿ ಬಹುಶಃ ಒಬ್ಬರೂ ಇಲ್ಲ. ಚುಚ್ಚಿದ ತೋಳು ಎರಡು ದಿನ ಎತ್ತಲು ಆಗುವುದಿಲ್ಲ. ಕೊನೆಕೊಯ್ಲಿನ ಸಮಯದಲ್ಲಿ ತೋಳು ಎತ್ತಲಾಗದಿದ್ದರೆ ಏನರ್ಥ ಅಂತ ಅಡಿಕೆ ತೋಟದವರಿಗೆ ಗೊತ್ತು. ಮೊದಲ ಚುಚ್ಚು ತಿಂದವರು ಎರಡನೆಯದಕ್ಕೆ ಕಾಣುತ್ತಿರಲಿಲ್ಲ.

ಈ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅಂತ 2005ರಿಂದ 2010ರವರೆಗಿನ ಅಂಕಿಅಂಶ ಇಟ್ಟುಕೊಂಡು ಒಂದು ಅಧ್ಯಯನ ನಡೆದಿತ್ತು. ಎರಡು ಡೋಸ್ ಆದವರಲ್ಲಿ ಸುಮಾರು 62%, ಬೂಸ್ಟರ್ ಕೂಡ ಆದವರಲ್ಲಿ ಸುಮಾರು 83%. ಒಂದೇ ಡೋಸ್ ಆದವರು ಹಾಕಿಸಿಕೊಳ್ಳದವರ ಲೆಕ್ಕವೇ. ಕೆಟ್ಟ ಲಸಿಕೆ ಅಂತ ಹೇಳಲಾಗದು, ಗಟ್ಟಿ ಲಸಿಕೆ ಅಂತಲೂ ಹೇಳಲಾಗದು. ಆದರೆ ಊರಿನಲ್ಲಿ ಹೇಳುತ್ತಿದ್ದದ್ದು ಒಂದೇ ವಾಕ್ಯ: "ಲಸಿಕೆ ಹಾಕಿಸ್ಕೊಳ್ಳಿ, ಕಾಯಿಲೆ ಬರಲ್ಲ." ಒಂದು ಡೋಸ್ ಆದವನಿಗೆ ಕಾಯಿಲೆ ಬಂತು. ಎರಡು ಡೋಸ್ ಆದವಳಿಗೂ ಬಂತು. ಊರಿಗೆ ಇನ್ನೇನು ಸಾಕ್ಷಿ ಬೇಕು?

ನಾನು ಮಾತ್ರ ಬಿಡಲಿಲ್ಲ. ಬೆಂಗಳೂರಿನಿಂದ ದಿನಾ ಫೋನ್. ಅಧ್ಯಯನದ ಸಂಖ್ಯೆ ಹೇಳಿ, ಬೈದು, ಅತ್ತೆಯ ಹತ್ತಿರ ಆಣೆ ಹಾಕಿಸಿ, ಚಿಕ್ಕಪ್ಪನಿಗೆ ಎರಡು ಡೋಸ್ ಹಾಕಿಸಿದೆ. ಮೂರನೆಯದನ್ನೂ ಹಾಕಿಸಿದೆ. ಅವನು ನನ್ನ ಮುಖ ನೋಡಿ ಒಪ್ಪಿದ, ಲಸಿಕೆಯ ಮುಖ ನೋಡಿ ಅಲ್ಲ.

2022ರಲ್ಲಿ ಆ ಲಸಿಕೆ ಹಾಕುವುದನ್ನು ನಿಲ್ಲಿಸಿಬಿಟ್ಟರು. ಅದರ ಸಾಮರ್ಥ್ಯ ಸಾಲದು ಅಂತ. ಪತ್ರಿಕೆಯಲ್ಲಿ ಓದಿದ ದಿನ ಚಿಕ್ಕಪ್ಪ ಫೋನ್ ಮಾಡಿದ. ಜಗಳಕ್ಕೆ ಸಿದ್ಧವಾಗಿಯೇ ಎತ್ತಿದೆ. ಅವನು ಬೈಯಲಿಲ್ಲ. "ಪೇಪರ್ ಓದಿದ್ಯಾ?" ಅಂದ. ಹೂಂ ಅಂದೆ. "ಸರಿ. ಊಟ ಆಯ್ತಾ?" ಅಂದ. ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಆಗ ನನಗೆ ಆ ಶಾಲೆಯ ಸಭೆಯಲ್ಲಿ ಪ್ರೊಜೆಕ್ಟರ್ ಪಕ್ಕ ನಿಂತಿದ್ದ ಅಧಿಕಾರಿ ನೆನಪಾದರು. ಅವರಿಗೂ ಮೇಲಿನಿಂದ ಬಂದ ಕಾಗದದಲ್ಲಿ ಇದ್ದಷ್ಟೇ ಗೊತ್ತಿತ್ತು. ಅದನ್ನು ಗಟ್ಟಿ ದನಿಯಲ್ಲಿ ಹೇಳಿದರು. ನಾನೂ ಅದನ್ನೇ ಮಾಡಿದ್ದೆ. ಕಾಗದ ತಪ್ಪಾದಾಗ ಊರವರ ಎದುರು ನಿಲ್ಲಬೇಕಾದವರು ಅವರಂಥವರು, ನನ್ನಂಥವರು. ಕಾಗದ ಬರೆದವರಲ್ಲ.

ಗಾಳಿಸುದ್ದಿಗಳ ಬಗ್ಗೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳಬರು ಹೇಳುವುದೊಂದಿದೆ. ಈ ಕಾಯಿಲೆ ಅಮೆರಿಕದವರು ತಂದು ಬಿಟ್ಟದ್ದು ಅಂತ. ಚಿಕ್ಕವನಿದ್ದಾಗ ಕೇಳಿ ನಕ್ಕಿದ್ದೆ. ದೊಡ್ಡವನಾದ ಮೇಲೆ ಓದುತ್ತಾ ಹೋದರೆ ನಗು ನಿಂತುಹೋಯಿತು. ಕಾಯಿಲೆ ಅವರು ತಂದದ್ದಲ್ಲ, ಅದು ಖಂಡಿತ. ಆದರೆ ಆ ಮಾತು ಸುಮ್ನೆ ಆಕಾಶದಿಂದ ಉದುರಿದ್ದೂ ಅಲ್ಲ. ಪುಣೆಯ ಆ ಕೇಂದ್ರ 1952ರಲ್ಲಿ ಶುರುವಾದದ್ದೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ. ಸೊರಬದ ಕಾಡಿಗೆ ಬಂದ ವಿಜ್ಞಾನಿಗಳಲ್ಲಿ ಅಮೆರಿಕದವರೂ ಇದ್ದರು. ವೈರಸ್ಸಿನ ಸಂಬಂಧಿ ರಷ್ಯಾದಲ್ಲಿ ಸಿಕ್ಕಿದ್ದರಿಂದ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದಾ ಅನ್ನುವ ಊಹೆ ಎದ್ದಿತು. ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಶುರುವಾಯಿತು. ಪಕ್ಷಿವಿಜ್ಞಾನಿ ಸಲೀಂ ಅಲಿಯವರಂಥ ದೊಡ್ಡವರು ಅದರಲ್ಲಿದ್ದರು. ಆ ಉಂಗುರದ ಕೆಲಸಕ್ಕೆ ಮುಂದೆ ಅಮೆರಿಕದ ಸೈನ್ಯದ ಹಣವೂ ಬಂದಿತ್ತು ಅಂತ ಹೊರಬಿದ್ದಾಗ ದೊಡ್ಡ ಗಲಾಟೆಯೇ ಆಯಿತು. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೊಳ್ಳೆ ಸಂಶೋಧನಾ ಘಟಕವೊಂದರ ಮೇಲೂ ಇಂಥದ್ದೇ ಅನುಮಾನ ಬಂದು, ಸಂಸತ್ತಿನ ಲೆಕ್ಕಪತ್ರ ಸಮಿತಿ ಅದನ್ನೆಲ್ಲ ಕೆದಕಿತು. 1975ರಲ್ಲಿ ಆ ಘಟಕ ಮುಚ್ಚಿತು. ಜೈವಿಕ ಅಸ್ತ್ರ ಅಂತ ಯಾವುದೂ ಸಾಬೀತಾಗಲಿಲ್ಲ. ಆದರೆ ಹಣ ಎಲ್ಲಿಂದ ಬಂತು ಅಂತ ಮೊದಲೇ ಹೇಳಿರಲಿಲ್ಲವಲ್ಲ, ಅಷ್ಟು ಸಾಕಾಯಿತು. ದಿಲ್ಲಿಯಲ್ಲಿ ಕಡತ ಮುಚ್ಚಿದರು. ನಮ್ಮ ಜಗಲಿಗಳಲ್ಲಿ ಮಾತು ಐವತ್ತು ವರ್ಷ ಉಳಿಯಿತು.

ಕಾಡು ಕಡಿದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನುವುದು ಇನ್ನೊಂದು ಊರ ಮಾತು. ಅದಕ್ಕೆ ಗಾಳಿಸುದ್ದಿ ಅನ್ನುವ ಹಾಗಿಲ್ಲ. 1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ ಗೇರು ತೋಟಕ್ಕೆ ಅಂತ ಕಾಡು ಕಡಿದ ಹೊತ್ತಿಗೇ ದೊಡ್ಡ ಹಾವಳಿ ಎದ್ದಿತ್ತು. ವಿಜ್ಞಾನಿಗಳೂ ಅದನ್ನು ಬರೆದಿದ್ದಾರೆ. ಊರವರು ಹೇಳಿದರೆ ವದಂತಿ, ವರದಿಯಲ್ಲಿ ಬಂದರೆ ಕಾರಣ.

ಕೋವಿಡ್ ಬಂದಾಗ ನಾಡಿಗೆಲ್ಲ ಇದೇ ಅನುಭವವಾಯಿತು. ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಕಂಡದ್ದೇ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗುವಷ್ಟರಲ್ಲಿ 24 ಜನ ಸತ್ತರು ಅಂತ ಸುದ್ದಿ. ಆಮ್ಲಜನಕ ಇಲ್ಲದೆ ಸತ್ತವರು ಮೂವರು ಮಾತ್ರ ಅಂತ ಸರ್ಕಾರದ ಮೊದಲ ಮಾತು. ಹೈಕೋರ್ಟ್ ನೇಮಿಸಿದ ಸಮಿತಿ ಬಂದು ನೋಡಿದಾಗ ಆ ಮಾತು ನಿಲ್ಲಲಿಲ್ಲ. ಆ ವಾರ ನಮ್ಮೂರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಳ್ಳಲು ಹೊರಟಿದ್ದವರು ಅರ್ಧ ದಾರಿಯಿಂದ ವಾಪಸ್ ಬಂದರು. ಲಸಿಕೆಗೂ ಚಾಮರಾಜನಗರಕ್ಕೂ ಏನು ಸಂಬಂಧ ಅಂತ ಕೇಳಿದರೆ ಉತ್ತರವಿಲ್ಲ. ಆದರೆ ಅವರಿಗೆ ಸಂಬಂಧ ಇತ್ತು.

ಇಷ್ಟೆಲ್ಲದರ ನಡುವೆ ಊರವರು ಒಬ್ಬರ ಮಾತು ಮಾತ್ರ ಕೇಳುತ್ತಿದ್ದರು. ನಮ್ಮೂರಿನ ಆಶಾ ಆರೋಗ್ಯ ಕಾರ್ಯಕರ್ತೆ, ನಮಗೆಲ್ಲ ಆಶಾ ಅಕ್ಕ. ಊರಿನದೇ ಸೊಸೆ. ಸರ್ಕಾರ ಕೊಡುವ ಗೌರವಧನಕ್ಕೆ ಮುಷ್ಕರ ಮಾಡಬೇಕಾದ ಸ್ಥಿತಿ ಅವರದ್ದು. ಆದರೂ ದಿನಾ ಹತ್ತು ಮನೆ ಹತ್ತಿ ಇಳಿಯುತ್ತಾರೆ. ಒಂದು ಸಂಜೆ ನಾನು ಜಗಲಿಯಲ್ಲಿ ಕೂತಿದ್ದಾಗ ಬಂದರು. ಅತ್ತೆ ಆಗಷ್ಟೇ ದರಕು ತಂದು ಇಳಿಸಿದ್ದಳು. ಅಕ್ಕ ಬೈಯಲಿಲ್ಲ. ಅತ್ತೆಯನ್ನು ಲೈಟಿನ ಕೆಳಗೆ ಕೂರಿಸಿ, ತಾವೇ ನೆಲದ ಮೇಲೆ ಕೂತು, ಮೊಣಕಾಲಿನ ಹಿಂದೆ, ಸೊಂಟದ ಹತ್ತಿರ, ಕಿವಿಯ ಹಿಂದೆ ಬೆರಳಾಡಿಸಿ ಉಣುಗು ಹುಡುಕಿದರು. ಎರಡು ಸಿಕ್ಕವು. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ಮೆಲ್ಲಗೆ ನೇರ ಎಳೆದರು. ಬೆರಳಲ್ಲಿ ಹೊಸಕಿ ಕೊಲ್ಲಬಾರದು ಅಂತ ತೋರಿಸುತ್ತಾ ಹೇಳಿದರು.

ಅತ್ತೆ ಕೇಳಿದಳು, "ಇದರಲ್ಲಿ ಕಾಯಿಲೆ ಇತ್ತನಾ?"

"ನಂಗೂ ಗೊತ್ತಿಲ್ಲ ಅತ್ತೆ. ಹತ್ತು ದಿನ ನೋಡುವ. ಜ್ವರ ಬಂದರೆ ರಾತ್ರಿಯಾದರೂ ಫೋನ್ ಮಾಡಿ. ಮೊದಲ ದಿನವೇ ರಕ್ತ ಕೊಡಬೇಕು, ತಡ ಮಾಡಿದರೆ ಗೊತ್ತಾಗೂದಿಲ್ಲ."

ಮೂರನೇ ದಿನ ಬಂದು ನೋಡಿದರು. ಏಳನೇ ದಿನವೂ ಬಂದರು. ಅತ್ತೆಗೆ ಏನೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ಅಂದಿನಿಂದ ಸಂಜೆ ಕೈಕಾಲು ತಡವಿ ನೋಡುವ ಅಭ್ಯಾಸ ಶುರುವಾಯಿತು. ಇವತ್ತಿಗೂ ಇದೆ. ಪ್ರೊಜೆಕ್ಟರ್‌ನಲ್ಲಿ ಕುರ್ಚಿಯಷ್ಟು ದೊಡ್ಡ ಉಣುಗು ತೋರಿಸಿದಾಗ ಆಗದ ಕೆಲಸ ಅದು.

2024ರಲ್ಲಿ ಮತ್ತೆ ಕಾಯಿಲೆ ಜೋರಾಯಿತು. ಸಿದ್ದಾಪುರ, ಹೊಸನಗರ, ಚಿಕ್ಕಮಗಳೂರು ಕಡೆಯಿಂದ ಸಾವಿನ ಸುದ್ದಿ ಬಂತು. ಲಸಿಕೆ ಇಲ್ಲ. ಹಳೇ ಡಿಎಂಪಿ ಬದಲು ಡೆಪಾ ಅನ್ನುವ ಹೊಸ ಎಣ್ಣೆ ಹಂಚಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ಹೈದರಾಬಾದಿನ ಕಂಪನಿಯೊಂದು ಹೊಸ ಲಸಿಕೆ ತಯಾರಿಸುತ್ತಿದೆ ಅನ್ನುವ ಸುದ್ದಿ ಓದಿ ನನಗೆ ಖುಷಿಯಾಯಿತು. ಖುಷಿಯನ್ನು ಯಾರಿಗೂ ಫಾರ್ವರ್ಡ್ ಮಾಡಲಿಲ್ಲ.

ದೀಪಾವಳಿಗೆ ಹೋದಾಗ ಆ ಏಳು ಬಾಟಲಿ ಎದುರಿಗಿಟ್ಟುಕೊಂಡು ಕೂತಿದ್ದಾಗ ಚಿಕ್ಕಪ್ಪನೇ ಮಾತು ತೆಗೆದ.

"ಹೊಸ ಇಂಜೆಕ್ಷನ್ ಬರ್ತದಂತಲ್ಲ. ಹೌದನಾ?"

"ತಯಾರಾಗ್ತಾ ಇದೆ. ಮೊದಲು ಪರೀಕ್ಷೆ ಮುಗೀಬೇಕು. ಎಷ್ಟು ಕೆಲಸ ಮಾಡ್ತದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ ಚಿಕ್ಕಪ್ಪ. ನಂಗೂ ಗೊತ್ತಿಲ್ಲ."

ಅಡಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿದ. ನಾನು ಹೀಗೆ ಹೇಳಿದ್ದು ಅವನಿಗೆ ಹೊಸದು. ಕತ್ತರಿಸಿದ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ.

"ಹೋದ ಸಲ ನನಗೆ ಮೂರು ಹಾಕಿಸ್ದೆ. ನೀ ಎಷ್ಟು ಹಾಕಿಸ್ಕೊಂಡಿದ್ದೆ?"

ನಾನು ಮಾತಾಡಲಿಲ್ಲ. ವರ್ಷಕ್ಕೆ ನಾಲ್ಕು ಸಲ ಊರಿಗೆ ಬರುತ್ತೇನೆ, ತೋಟಕ್ಕೆ ಹೋಗುತ್ತೇನೆ, ಹಳ್ಳಕ್ಕೆ ಇಳಿಯುತ್ತೇನೆ. ಒಂದೂ ಹಾಕಿಸಿಕೊಂಡಿರಲಿಲ್ಲ. ಆಫೀಸು, ರಜೆ, ತೋಳು ನೋವು, ಎಲ್ಲ ನೆಪ ಇತ್ತು.

"ಈ ಸಲ ಬಂದ್ರೆ ನೀ ರಜೆ ಹಾಕಿ ಬಾ" ಅಂದ ಚಿಕ್ಕಪ್ಪ. "ಶಾಲೆ ಹತ್ರ ಸಾಲಿನಲ್ಲಿ ನೀ ಮುಂದೆ ನಿಂತ್ಕೊ. ನಾ ನಿನ್ನ ಹಿಂದೆ ನಿಂತ್ಕೋತೇನೆ."

ಬಾಟಲಿಗಳನ್ನು ಏನು ಮಾಡೋಣ ಅಂತ ಕೇಳಿದೆ. ಒಂದು ಇರಲಿ, ರಾಟೆಗೆ ಬೇಕಾಗ್ತದೆ ಅಂದ.